ಸಮಾರ್ಯದವನು ನಮ್ಮ ಕೇರಿಯವನು

ಕ್ರಿಸ್‌ಮಸ್ ಹತ್ತಿರ ಬಂತು ಅಂದ್ರೆ ಒಂದು ಮಾತು ತಪ್ಪದೇ ಓಡಾಡೋಕೆ ಶುರುವಾಗುತ್ತೆ: "ಮಿಷನರಿಗಳು ಆಸ್ಪತ್ರೆ ಕಟ್ಟಿದ್ದು ಸೇವೆಗಲ್ಲ, ಮತಾಂತರಕ್ಕೆ." ಇದನ್ನ ಯಾರೋ ಹೇಳಿದ್ರೆ ಸುಮ್ನೆ ಇರ್ತಿದ್ದೆ. ಈಗ ನಮ್ಮ ಕೇರಿ ಹುಡುಗರೇ ಹಂಚ್ತಿದ್ದಾರೆ, ಕೊರಳಲ್ಲಿ ನೀಲಿ ಶಾಲು ಹಾಕ್ಕೊಂಡೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ. ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲೇ ಹೇಳಿಬಿಡ್ತೀನಿ. ನಾನು ಕ್ರೈಸ್ತನಲ್ಲ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತೋರಿಸಿದ ದಾರಿಯಲ್ಲಿ ನಡೆಯೋಕೆ ನೋಡುವವನು. ಯಾವ ಚರ್ಚಿನ ವಕಾಲತ್ತೂ ನಾನು ಹಾಕ್ಕೊಂಡಿಲ್ಲ. ಆದ್ರೆ ನಾನು ಬ್ಯಾಕೋಡು ಕಡೆಯವನು, ಶರಾವತಿ ಹಿನ್ನೀರಿನ ಆಚೆ ದಡದವನು. ಕಾಯಿಲೆ ಬಿದ್ದವರನ್ನ ಯಾರು ಮುಟ್ಟಿದ್ರು, ಯಾರು ಮುಟ್ಟಲಿಲ್ಲ ಅನ್ನೋ ಲೆಕ್ಕ ನಮ್ಮಂಥವರಿಗೆ ಬಾಯಿಪಾಠ. ಆ ಲೆಕ್ಕವನ್ನ ಬೇರೆಯವರ ಕೈಗೆ ಕೊಟ್ಟು ಅವರು ಓದಿ ಹೇಳಿದ್ದಕ್ಕೆ ತಲೆ ಆಡಿಸೋಕೆ ನಾನು ತಯಾರಿಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಈ ಘಟನೆ ನೆನಪಿರುತ್ತೆ. ಕಾಠಿಯಾವಾಡದ ಒಬ್ಬ ಶಾಲಾ ಮೇಷ್ಟ್ರು. ನಮ್ಮವರು. ಅವರ ಹೆಂಡತಿ ಬಾಣಂತಿ, ಹೆರಿಗೆಯಾಗಿ ಎರಡೇ ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಕಾಲಿಡಲ್ಲ ಅಂದ. ಊರಿನ ದೊಡ್ಡವರ ಕೈಕಾಲು ಹಿಡಿದು, ಎರಡು ರೂಪಾಯಿ ಫೀಸು ಕೊಡಿಸ್ತೀವಿ ಅಂತ ಒಪ್ಪಿಸಿದ ಮೇಲೆ ಬಂದ. ಆಗಲೂ ಷರತ್ತು: ಬಾಣಂತಿಯನ್ನೇ ಕೇರಿಯಿಂದ ಆಚೆ ತರಬೇಕು. ಹಸಿ ಬಾಣಂತಿಯನ್ನ ಕೂಸಿನ ಜೊತೆ ಆಚೆ ತಂದು ಕೂರಿಸಿದ್ರು. ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿ ಕೈಗೆ. ವಾಪಸ್ ಬಂದಿದ್ದೂ ಅದೇ ದಾರಿಯಲ್ಲಿ. ದೀಪದ ಬೆಳಕಲ್ಲಿ ನೋಡಿ ನ್ಯುಮೋನಿಯಾ ಅಂತ ಹೇಳಿ ಹೋದವನು ಮತ್ತೆ ಬರಲಿಲ್ಲ. ಆಕೆ ಸತ್ತಳು. ಆ ಮೇಷ್ಟ್ರು ಬರೆದ ಪತ್ರ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿದೆ.

ಗಮನಿಸಿ. ಅಲ್ಲಿ ಔಷಧಿ ಇತ್ತು, ಡಾಕ್ಟರ್ ಇದ್ದ, ಥರ್ಮಾಮೀಟರ್ ಕೂಡ ಇತ್ತು. ಇಲ್ಲದೇ ಇದ್ದದ್ದು ನಾಡಿ ಹಿಡಿಯೋ ಒಂದು ಕೈ.

ಈಗ ನಮ್ಮ ನಾಡಿಗೆ ಬನ್ನಿ. ಜರ್ಮನಿಯಿಂದ ಮಂಗಳೂರಿಗೆ ಬಂದ ಆಗಸ್ಟಸ್ ಮುಲ್ಲರ್ ಅನ್ನೋ ಜೆಸ್ವಿಟ್ ಪಾದ್ರಿ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡೋಕೆ ಶುರು ಮಾಡಿದ್ರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ರು. ಪ್ಲೇಗ್ ಬಂದಾಗ, 1902ರಲ್ಲಿ, ಪ್ಲೇಗ್ ಆಸ್ಪತ್ರೆ. 1910ರಲ್ಲಿ ಅಲ್ಲೇ ತೀರಿಕೊಂಡರು. ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬುಡ ಅದು. ಮೈಸೂರಿನಲ್ಲಿ 1906ರಲ್ಲಿ ಹೆಂಗಸರು ಮಕ್ಕಳಿಗೆ ಅಂತ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನ ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯೋದು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಇನ್ನೂ ಹತ್ತಿರದ ಕಾಲದ್ದು. 1970ರ ದಶಕದ ಕೊನೆಗೆ ಸರ್ಕಾರವೇ ಜಾಗ ಕೊಟ್ಟು ಕುಷ್ಠರೋಗಿಗಳನ್ನ ನೋಡ್ಕೊಳ್ಳಿ ಅಂತ ಚರ್ಚಿಗೆ ವಹಿಸಿದ್ದು. ಅಲ್ಲಿ ವಾಸಿಯಾದವರಿಗೆ ಕೆಲಸ ಕಲಿಸ್ತಾರೆ, ಚರ್ಮದ ಕೆಲಸ ಸಮೇತ. ಯಾವ ಕೆಲಸ ಮಾಡಿದ್ದಕ್ಕೆ ನಮ್ಮನ್ನ ಊರಾಚೆ ಇಟ್ರೋ, ಅದೇ ಕೆಲಸ ಅಲ್ಲಿ ಊರಾಚೆ ಹಾಕಿಸಿಕೊಂಡವರ ಅನ್ನ ಆಯ್ತು.

"ಅವರಿಗೆ ಅಜೆಂಡಾ ಇತ್ತು" ಅಂತೀರಾ? ಇತ್ತು ಅಂತಲೇ ಇಟ್ಕೊಳ್ಳೋಣ. ಆತ್ಮ ಉಳಿಸಬೇಕು ಅಂತಲೇ ಬಂದಿದ್ದರು, ಅದನ್ನ ಅವರೇ ಮುಚ್ಚಿಡಲಿಲ್ಲ. ನನ್ನ ಪ್ರಶ್ನೆ ಅವರಿಗಿಂತ ಮೊದಲೇ ಇಲ್ಲಿದ್ದವರಿಗೆ. ನಿಮಗೆ ಅಜೆಂಡಾ ಇರಲಿಲ್ಲ ಅಲ್ವಾ? ಮತ್ತೆ ಆ ಕೈಯಿಂದ ಆ ಗಾಯವನ್ನ ಯಾಕೆ ತೊಳೀಲಿಲ್ಲ?

ಮುಟ್ಟೋದು ಅಂದ್ರೆ ಕನ್ನಡದಲ್ಲಿ ಏನೇನೆಲ್ಲ ಇದೆ ನೋಡಿ. ಕೈ ತಾಗಿಸೋದೂ ಮುಟ್ಟು, ಹೆಣ್ಣಿನ ತಿಂಗಳ ರಕ್ತವೂ ಮುಟ್ಟು. ಒಂದೇ ಪದ, ಎರಡಕ್ಕೂ ಬೇಲಿ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಹನ್ನೆರಡು ವರ್ಷದಿಂದ ರಕ್ತ ಹೋಗ್ತಿದ್ದ ಒಬ್ಬ ಹೆಂಗಸಿನ ಕಥೆ ಬರುತ್ತೆ. ಆಕೆ ಜನಜಂಗುಳಿ ಒಳಗೆ ನುಗ್ಗಿ ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಆ ಕಾಲದ ಕಟ್ಟಳೆ ಪ್ರಕಾರ ಅವನಿಗೂ ಮೈಲಿಗೆ ಆಗಬೇಕು. ಅವನು ಸ್ನಾನಕ್ಕೆ ಹೋಗಲ್ಲ, ಅವಳನ್ನ ಮಗಳೇ ಅಂತ ಕರೀತಾನೆ. ಕುಷ್ಠರೋಗಿ ಎದುರು ಬಂದಾಗಲೂ ದೂರದಿಂದ ಒಂದು ಮಾತು ಹೇಳಿ ವಾಸಿ ಮಾಡಬಹುದಿತ್ತು, ಕೈ ಚಾಚಿ ಮುಟ್ಟಿದ ಅಂತ ಬರೆದಿದ್ದಾರೆ. ಪವಾಡ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನೂ ನಂಬಲ್ಲ. ಆದ್ರೆ ಆ ಕೈ ಚಾಚಿದ್ದು ನನಗೆ ಅರ್ಥ ಆಗುತ್ತೆ, ಥರ್ಮಾಮೀಟರ್ ಕಥೆ ಗೊತ್ತಿರೋ ಯಾರಿಗಾದ್ರೂ ಅರ್ಥ ಆಗುತ್ತೆ.

ಇದೇ ಕರುಣೆ ನಮ್ಮ ಪರಂಪರೆಯಲ್ಲೂ ಇದೆ. ಭೇದಿಯಾಗಿ ತನ್ನ ಹೊಲಸಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವನ್ನ ಬುದ್ಧ ತಾನೇ ನೀರು ಹಾಕಿ ತೊಳೆದು, ನನ್ನ ಸೇವೆ ಮಾಡಬೇಕು ಅನ್ನೋರು ರೋಗಿಯ ಸೇವೆ ಮಾಡಲಿ ಅಂತ ಸಂಘಕ್ಕೆ ಹೇಳಿದ ಪ್ರಸಂಗ ವಿನಯಪಿಟಕದಲ್ಲಿದೆ. ಹಸಿದವನಿಗೆ, ರೋಗಿಗೆ, ಜೈಲಲ್ಲಿರುವವನಿಗೆ ಮಾಡಿದ್ದು ನನಗೇ ಮಾಡಿದಂತೆ ಅನ್ನೋ ಯೇಸುವಿನ ಮಾತು ಇದರ ಪಕ್ಕದಲ್ಲೇ ಕೂರುತ್ತೆ. ಇನ್ನು ಸಾವಿತ್ರಿಬಾಯಿ ಫುಲೆ. 1897ರ ಪ್ಲೇಗಿನಲ್ಲಿ ಒಬ್ಬ ಮಹಾರ್ ಹುಡುಗನನ್ನ ತಾವೇ ಹೊತ್ತುಕೊಂಡು ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದರು, ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅವರ ಹೆಸರು ಹೇಳಿ ಶಾಲೆ ಬಗ್ಗೆ ಭಾಷಣ ಮಾಡ್ತೀವಿ. ಅವರು ಸತ್ತಿದ್ದು ರೋಗಿಯನ್ನ ಹೊತ್ತು ಅನ್ನೋದನ್ನೂ ಅಷ್ಟೇ ಜೋರಾಗಿ ಹೇಳಬೇಕು.

ಇಲ್ಲಿ ನನ್ನದೊಂದು ತಕರಾರಿದೆ, ಚರ್ಚಿನವರ ಜೊತೆ.

ಅವರು ಮತ್ತೆ ಮತ್ತೆ ಹೇಳೋ ಕಥೆ ಒಳ್ಳೆಯ ಸಮಾರ್ಯದವನದ್ದು. ದಾರಿಯಲ್ಲಿ ಕಳ್ಳರು ಹೊಡೆದು ಬಿಸಾಕಿದ ಒಬ್ಬ ಮನುಷ್ಯ. ಪೂಜಾರಿ ಬರ್ತಾನೆ, ನೋಡಿ ಆಚೆ ಬದಿಯಿಂದ ಹೋಗ್ತಾನೆ. ದೇವಾಲಯದ ಸೇವೆಯವನು ಬರ್ತಾನೆ, ಅವನೂ ಅಷ್ಟೇ. ಆಮೇಲೆ ಸಮಾರ್ಯದವನು ಬಂದು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಕತ್ತೆ ಮೇಲೆ ಕೂರಿಸ್ಕೊಂಡು ಛತ್ರಕ್ಕೆ ಕರ್ಕೊಂಡು ಹೋಗಿ, ಕೈಯಿಂದ ದುಡ್ಡು ಕೊಟ್ಟು, ಇನ್ನೂ ಖರ್ಚಾದ್ರೆ ವಾಪಸ್ ಬರುವಾಗ ಕೊಡ್ತೀನಿ ಅಂತಾನೆ. ಇದನ್ನ ಕೇಳಿದ ಒಳ್ಳೆಯ ಮನೆತನದವರೆಲ್ಲ ತಾವೇ ಸಮಾರ್ಯದವರು ಅಂದ್ಕೋತಾರೆ, ರಸ್ತೆಯಲ್ಲಿ ಬಿದ್ದವನು ಬಡ ದಲಿತ ಅಂದ್ಕೋತಾರೆ.

ಸ್ವಲ್ಪ ತಡೀರಿ. ಆ ಕಾಲದ ಯೆಹೂದ್ಯರಿಗೆ ಸಮಾರ್ಯದವರು ಅಂದ್ರೆ ಯಾರು? ಕಂಡರಾಗದವರು, ಜೊತೆಗೆ ಕೂತು ಉಣ್ಣದವರು. ಕೆಟ್ಟ ಹುಟ್ಟು, ಕೆಟ್ಟ ದೇವರು ಅಂತ ದೂರ ಇಟ್ಟವರು. ಅಂದ್ರೆ ಆ ಕಥೆಯಲ್ಲಿ ದಲಿತ ಬಿದ್ದವನಲ್ಲ ಮಾರಾಯ್ರೆ, ಎತ್ತಿದವನು! ಮಡಿ ಕೆಡುತ್ತೆ ಅಂತ ಪೂಜಾರಿ ದಾಟಿಹೋದ. ಕೆಡೋಕೆ ಮಡಿಯೇ ಇಲ್ಲದವನು ನಿಂತ.

ಇದು ನಮ್ಮ ಊರುಗಳ ಕಥೆಯೂ ಹೌದು. ಊರಿನ ಹೆರಿಗೆ ಮಾಡಿಸಿದ್ದು, ಹೊಕ್ಕುಳಬಳ್ಳಿ ಕೊಯ್ದು ಕಸ ಹೂತಿದ್ದು ದೇಶದ ಎಷ್ಟೋ ಕಡೆ ನಮ್ಮ ಹೆಂಗಸರು. ಸತ್ತ ದನ ಎಳೆದವರು, ಹೆಣಕ್ಕೆ ಗುಂಡಿ ತೋಡಿದವರು ನಾವು. ಆರೈಕೆ ಅನ್ನೋದರ ಅರ್ಧ ಕೆಲಸ ರಕ್ತ, ಕೀವು, ಮಲ, ಮೂತ್ರದ ಜೊತೆಗಿನ ಕೆಲಸ. ಅದನ್ನ ನಾವು ಮಾಡಿದಾಗ ಮೈಲಿಗೆ ಅಂದ್ರು. ಬಿಳಿ ಬಟ್ಟೆ ಸಿಸ್ಟರ್ ಮಾಡಿದಾಗ ಸೇವೆ ಅಂದ್ರು. ಕೋಟು ಹಾಕಿದವನು ಮಾಡಿದಾಗ ವೃತ್ತಿ ಅಂದ್ರು. ಮೇಲ್ಜಾತಿ ಮನೆಗಳು ನರ್ಸ್ ಕೆಲಸಕ್ಕೆ ಹೆಣ್ಣುಮಕ್ಕಳನ್ನ ಕಳಿಸದೇ ಇದ್ದ ಕಾಲದಲ್ಲಿ ಕೇರಳದ ಕ್ರೈಸ್ತ ಹೆಣ್ಣುಮಕ್ಕಳು ದೇಶದ ಆಸ್ಪತ್ರೆಗಳನ್ನ ತುಂಬಿದ್ದು ಸುಮ್ಮನೆ ಅಲ್ಲ. ಮಿಷನ್ ಆಸ್ಪತ್ರೆಗಳು ಮಾಡಿದ ದೊಡ್ಡ ಕೆಲಸ ಇದೇ ಅಂತ ನನಗೆ ಅನ್ಸುತ್ತೆ: ಇನ್ನೊಬ್ಬರ ಹೊಲಸು ತೊಳೆಯೋ ಕೆಲಸಕ್ಕೆ ಮರ್ಯಾದೆ ಕೊಟ್ಟದ್ದು.

ಆದ್ದರಿಂದ ನಾನು ಹೇಳೋದು ಇಷ್ಟು. ಕರುಣೆ ಮೇಲಿನವರು ಕೆಳಗಿನವರಿಗೆ ಕೊಡೋ ಭಿಕ್ಷೆ ಅಂತ ನಾವು ಒಪ್ಪಿಕೊಂಡ್ರೆ ಅದನ್ನ ದ್ವೇಷಿಸಬೇಕಾಗುತ್ತೆ, ದ್ವೇಷಿಸೋದು ಸರಿಯೂ ಹೌದು. ಅದು ಮೊದಲಿಂದಲೂ ನಮ್ಮ ಕೈಯ ಕಸುಬು ಅಂತ ತಿಳಿದ್ರೆ ಅದನ್ನ ವಾಪಸ್ ತಗೋಬೇಕಾಗುತ್ತೆ.

ಸಾಗರದ ಪಕ್ಕದಲ್ಲೇ ಹಂದಿಗೋಡು ಇದೆ. 1970ರ ದಶಕದ ನಡುವಲ್ಲಿ ಅಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟದ ಕೀಲು, ಮಂಡಿ ನೋವಿನಿಂದ ಶುರು. ಆಮೇಲೆ ನಡಿಗೆ ವಾಲುತ್ತೆ, ಕೋಲು ಬೇಕಾಗುತ್ತೆ, ಕೆಲವರು ತೆವಳೋ ಹಂತಕ್ಕೆ ಬರ್ತಾರೆ. ಕೆಲವು ಮಕ್ಕಳು ಎತ್ತರವೇ ಬೆಳೆಯಲ್ಲ. ಬಂದದ್ದು ಹೆಚ್ಚಾಗಿ ಚನ್ನಂಗಿ ಮತ್ತು ಛಲವಾದಿ ಮನೆಗಳಿಗೆ. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅನ್ನೋ ಅನುಮಾನ ಮೊದಲು ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅಧ್ಯಯನ ಮಾಡಿದ್ರು. ಮುಂದಿನ ಸಂಶೋಧನೆಗಳು ಇದು ವಂಶವಾಹಿಯಲ್ಲಿ ಬರೋ ಮೂಳೆ ಕಾಯಿಲೆ, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಹುಟ್ಟೋ ಪ್ರತಿ ಮಗುವಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ ಅಂದವು. ಸಾಗರ, ಹೊಸನಗರ, ತೀರ್ಥಹಳ್ಳಿ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದವರೆಗೂ ಈ ಕಾಯಿಲೆಯ ಮನೆಗಳಿವೆ. ವಿಷಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೂ ಹೋಗಿದೆ.

ಅದೇ ವರ್ಷಗಳಲ್ಲಿ ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟುತ್ತಿದ್ರು. ಒಂದೇ ಜಿಲ್ಲೆ, ಒಂದೇ ಕಾಲ. ಒಂದು ಕಡೆ ನಮ್ಮವರು ಎದ್ದು ನಿಲ್ಲೋಕೆ ಕಲೀತಿದ್ರು, ಇನ್ನೊಂದು ಕಡೆ ನಮ್ಮವರು ನಿಲ್ಲೋಕೇ ಆಗದೆ ಕೂತಿದ್ರು.

ಹಂದಿಗೋಡಿಗೆ ಎಕ್ಸ್‌ರೇ ತೆಗೆಯೋರು ಬಂದ್ರು, ರಕ್ತ ತಗೊಳ್ಳೋರು ಬಂದ್ರು, ಕ್ಯಾಮೆರಾ ಹಿಡ್ಕೊಂಡವರೂ ಬಂದ್ರು. ವಿಜ್ಞಾನ ಬೇಕು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ವಂಶಪಾರಂಪರ್ಯ ಅಂತ ಗೊತ್ತಾದ ತಕ್ಷಣ ವ್ಯವಸ್ಥೆಯ ಆಸಕ್ತಿ ಇಳಿದುಹೋಗುತ್ತೆ: "ಗುಣ ಆಗೋದಲ್ಲ, ಏನ್ ಮಾಡೋಕಾಗುತ್ತೆ?" ಕರುಣೆ ಶುರುವಾಗಬೇಕಾದ್ದು ಅಲ್ಲಿಂದಲೇ. ಮುಲ್ಲರ್ ಕುಷ್ಠರೋಗಿಗಳಿಗೆ ಮನೆ ಕಟ್ಟಿದ ಕಾಲದಲ್ಲಿ ಕುಷ್ಠಕ್ಕೂ ಸರಿಯಾದ ಮದ್ದು ಇರಲಿಲ್ಲ. ಗುಣ ಮಾಡೋಕಾಗದ ಕಾಯಿಲೆಯ ಮನುಷ್ಯನ ಪಕ್ಕದಲ್ಲಿ ಕೂರೋದು, ಗಾಯ ತೊಳೆಯೋದು, ಊಟ ಹಾಕೋದು ದಂಡ ಅಂತ ಅವರು ಅಂದ್ಕೊಳ್ಳಲಿಲ್ಲ.

ನಮ್ಮ ಬ್ಯಾಕೋಡು ಕಡೆ ಪರಿಸ್ಥಿತಿ ಬೇರೆ ಥರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ನಾಡಿಗೆ ಬೆಳಕು ಬಂತು, ನಾವು ನೀರಿನ ಆಚೆ ಉಳಿದ್ವಿ. ಸಾಗರದ ಆಸ್ಪತ್ರೆಗೆ ಹೋಗಬೇಕು ಅಂದ್ರೆ ಹೊಳೆಬಾಗಿಲ ಲಾಂಚು. ಕತ್ತಲಾದ ಮೇಲೆ ಲಾಂಚಿಲ್ಲ. ರಾತ್ರಿ ನೋವು ಬಂದ ಬಸುರಿಗೆ, ಹಾವು ಕಚ್ಚಿದವನಿಗೆ ಕಾಡು ರಸ್ತೆಯಲ್ಲಿ ಕೊಲ್ಲೂರು ಘಾಟಿ ಇಳಿದು ಕುಂದಾಪುರವೋ ಮಣಿಪಾಲವೋ. ರಸ್ತೆವರೆಗೆ ಕಂಬಳಿ ಜೋಲಿ ಕಟ್ಟಿ ಹೊರುತ್ತಿದ್ದವರು ಅಕ್ಕಪಕ್ಕದವರು. ಆ ಜೋಲಿಗೆ ಹೆಗಲು ಕೊಟ್ಟವರಲ್ಲಿ ನಮ್ಮ ಕೇರಿಯವರೂ ಇದ್ರು. ಹೊರುವಾಗ ಜಾತಿ ಕೇಳದವರು ವಾಪಸ್ ಬಂದ ಮೇಲೆ ಜಗುಲಿ ಹತ್ತೋಕೆ ಬಿಡ್ತಿರಲಿಲ್ಲ ಅನ್ನೋದು ಬೇರೆ ಮಾತು. ಆರು ದಶಕ ಕಾದ ಮೇಲೆ 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಸಂತೋಷ. ಆದ್ರೆ ಸೇತುವೆ ದಾಟಿದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ಇರಬೇಕು, ಇದ್ದ ಡಾಕ್ಟರ್ ಮುಟ್ಟಿ ನೋಡಬೇಕು.

ಮಂಗನ ಕಾಯಿಲೆಯದ್ದೂ ಇದೇ ಕಥೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯ ಪುಸ್ತಕ ಸೇರಿತು. 2018ರ ಕೊನೆಗೆ, 2019ರಲ್ಲಿ, ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾವು ನೋಡಿದ್ವಿ. ಉಣುಗು ಕಚ್ಚೋದು ಯಾರಿಗೆ? ಸೌದೆಗೆ, ದರಗಿಗೆ, ದನದ ಹಿಂದೆ, ಕೂಲಿಗೆ ಕಾಡಿಗೆ ಹೋಗುವವರಿಗೆ. ಕಾಡಿಗೆ ಹೋಗಬೇಡಿ ಅಂತ ಪಾಂಪ್ಲೆಟ್ ಹಂಚಿದ್ರೆ ಒಲೆ ಉರಿಯಲ್ಲ.

ಇನ್ನು ಮತಾಂತರದ ಮಾತಿಗೆ ಬರ್ತೀನಿ. 2022ರ ಕರ್ನಾಟಕದ ಮತಾಂತರ ನಿಷೇಧ ಕಾಯ್ದೆಯನ್ನ ನಮ್ಮ ಹುಡುಗರು ಒಮ್ಮೆ ಪೂರ್ತಿ ಓದಬೇಕು. ಆಮಿಷ ಅನ್ನೋದರ ವ್ಯಾಖ್ಯಾನದೊಳಗೆ ಧಾರ್ಮಿಕ ಸಂಸ್ಥೆ ಕೊಡೋ ಉಚಿತ ಶಿಕ್ಷಣವನ್ನೂ, ಉತ್ತಮ ಜೀವನದ ಭರವಸೆಯನ್ನೂ ಸೇರಿಸಿದ್ರು. ಸಾಮಾನ್ಯರನ್ನ ಅಕ್ರಮವಾಗಿ ಮತಾಂತರಿಸಿದ್ರೆ 3ರಿಂದ 5 ವರ್ಷ ಜೈಲು. ಮತಾಂತರ ಆದವರು ಮಕ್ಕಳು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರಾದ್ರೆ 3ರಿಂದ 10 ವರ್ಷ. ನಮ್ಮನ್ನ ಯಾರ ಸಾಲಲ್ಲಿ ಕೂರಿಸಿದ್ದಾರೆ ಕಂಡ್ತಾ? ಸ್ವಂತ ಬುದ್ಧಿಯಿಂದ ತೀರ್ಮಾನ ತಗೊಳ್ಳೋಕಾಗದವರ ಸಾಲಲ್ಲಿ. 2023ರ ಜೂನ್‌ನಲ್ಲಿ ಇದನ್ನ ರದ್ದು ಮಾಡೋಕೆ ಸಚಿವ ಸಂಪುಟ ತೀರ್ಮಾನ ಮಾಡಿತು. ಕಾಯ್ದೆಯ ಗತಿ ಏನೇ ಆಗಲಿ, ಆ ಸಾಲಿನ ಹಿಂದಿರೋ ಯೋಚನೆ ರದ್ದಾಗಿಲ್ಲ. ಲಕ್ಷಾಂತರ ಜನರ ಜೊತೆ ಧರ್ಮ ಬದಲಿಸಿದ ಅಂಬೇಡ್ಕರ್ ಮಕ್ಕಳು ನಾವು. ಒಂದು ಮಾತ್ರೆಗೆ, ಒಂದು ಬ್ರೆಡ್ಡಿಗೆ ಆತ್ಮ ಮಾರ್ಕೊಳ್ಳೋರು ಅಂತ ನಮ್ಮನ್ನ ಕರೆಯೋರ ಮಾತನ್ನ ನಾವೇ ಹಂಚೋದಾ?

ಈ ಅನುಮಾನ ಎಲ್ಲಿವರೆಗೆ ಹೋಗುತ್ತೆ ಅಂತಲೂ ನೋಡಿದ್ದೀವಿ. ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಆರೈಕೆ ಮಾಡ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನ 1999ರ ಜನವರಿಯಲ್ಲಿ, ಗಾಡಿಯಲ್ಲಿ ಮಲಗಿದ್ದ ಹಾಗೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನ ಕ್ಷಮಿಸಿದ್ದೀನಿ ಅಂದ್ರು, ಕುಷ್ಠರೋಗಿಗಳ ಕೆಲಸವನ್ನ ಮುಂದುವರಿಸಿದ್ರು.

ಹಾಗಂತ ಚರ್ಚಿಗೆ ಪೂರ್ತಿ ಅಂಕ ಕೊಡ್ತಿಲ್ಲ. ಮಿಷನ್ನುಗಳು ಶಾಲೆ ಆಸ್ಪತ್ರೆಗೆ ಸುರಿದ ದುಡ್ಡಿನ ಲಾಭ ಹೆಚ್ಚಾಗಿ ಮೇಲ್ಜಾತಿ ಹಿಂದೂಗಳಿಗೆ ಹೋಯ್ತು, ಅವರನ್ನೇ ನಂಬಿ ಬಂದ ಬಡ ಕ್ರೈಸ್ತರಿಗಲ್ಲ ಅಂತ ಬಾಬಾಸಾಹೇಬರೇ ಟೀಕಿಸಿದ್ರು. ಆ ಟೀಕೆ ಇವತ್ತಿಗೂ ಹಳತಾಗಿಲ್ಲ. ದಲಿತ ಕ್ರೈಸ್ತರಿಗೆ ಬೇರೆ ಬೆಂಚು, ಬೇರೆ ಸ್ಮಶಾನ ಇಟ್ಟ ಚರ್ಚುಗಳು ದಕ್ಷಿಣ ಭಾರತದಲ್ಲೇ ಇವೆ. ಜೊತೆಗೆ 1950ರ ರಾಷ್ಟ್ರಪತಿ ಆದೇಶ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಲ್ಲ. ಜಾತಿ ಅವರನ್ನ ಹಿಂಬಾಲಿಸಿತು, ಮೀಸಲಾತಿ ಹಿಂಬಾಲಿಸಲಿಲ್ಲ. ಈಗ ಒಳಗೆ ಕಾಲಿಡೋಕೇ ದುಡ್ಡು ಕೇಳೋ 'ಮಿಷನ್' ಆಸ್ಪತ್ರೆಗಳೂ ಇವೆ. ಶಿಲುಬೆ ಬೋರ್ಡಿನ ಮೇಲಿದ್ದು ಬಿಲ್ ಕೌಂಟರಿನಲ್ಲಿ ಇಲ್ಲದಿದ್ರೆ ಅದಕ್ಕೆ ಕರುಣೆ ಅನ್ನೋಕಾಗಲ್ಲ.

ಕರುಣೆ ಹಕ್ಕಿನ ಕಡೆಗೆ ನಡೀಬೇಕು. ಹಾಗೆ ನಡೆದವರೂ ಇದ್ದಾರೆ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ ಆಮೇಲೆ ಜಾರ್ಖಂಡಿಗೆ ಹೋಗಿ ಆದಿವಾಸಿಗಳ ನೆಲ, ಜೈಲಿನಲ್ಲಿ ಕೊಳೀತಿದ್ದ ಹುಡುಗರ ಬಿಡುಗಡೆ ಅಂತ ಕೆಲಸ ಮಾಡಿದ್ರು. ಬ್ರೆಡ್ಡು ಹಂಚಿದ್ರೆ ಯಾರೂ ಮುಟ್ಟುತ್ತಿರಲಿಲ್ಲ. ಹಕ್ಕು ಅಂದ್ರು, 2020ರ ಅಕ್ಟೋಬರ್‌ನಲ್ಲಿ ಬಂಧನ ಆಯ್ತು. ಪಾರ್ಕಿನ್ಸನ್‌ನಿಂದ ಕೈ ನಡುಗ್ತಿದ್ದ ಮುದುಕ ನೀರು ಕುಡಿಯೋಕೆ ಒಂದು ಸ್ಟ್ರಾಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯ್ತು. ಅವರಿಗೆ ಉಣ್ಣೋಕೆ, ಸ್ನಾನಕ್ಕೆ ನೆರವಾದವರು ಜೊತೆಗಿದ್ದ ಕೈದಿಗಳು. 2021ರ ಜುಲೈ 5ರಂದು ಜಾಮೀನು ಸಿಗದೇ ತೀರಿಕೊಂಡರು. ಸಮಾರ್ಯದವರು ಅಲ್ಲೂ ಇದ್ರು, ಕಂಬಿ ಹಿಂದೆ.

ಹಾಗಾದ್ರೆ ನಾವೇನು ಮಾಡಬೇಕು? ನನಗೆ ತೋಚಿದ್ದು ಹೇಳ್ತೀನಿ.

ಹಂದಿಗೋಡು ಕಾಯಿಲೆಯ ಪ್ರತಿ ಮನೆಗೂ ಬದುಕೋಕೆ ಸಾಲುವಷ್ಟು ಮಾಸಾಶನ, ಉಚಿತ ಕೀಲು ಶಸ್ತ್ರಚಿಕಿತ್ಸೆ, ಗಾಲಿಕುರ್ಚಿ ಹೋಗೋ ಅಂಗಳ, ಕೂತು ಬಳಸೋ ಶೌಚಾಲಯ ಕೇಳೋಣ. ಮದುವೆ, ಮಕ್ಕಳ ವಿಚಾರದಲ್ಲಿ ಹೆದರಿಸದೆ, ಅವಮಾನ ಮಾಡದೆ ವಂಶವಾಹಿಯ ಬಗ್ಗೆ ತಿಳಿಸಿ ಹೇಳೋ ಸಲಹೆಗಾರರು ಸಾಗರದಲ್ಲೇ ಸಿಗಬೇಕು. ಇದನ್ನ ದಯೆ ಅಂತ ಅರ್ಜಿಯಲ್ಲಿ ಬರೆಯೋದು ಬೇಡ.

ಮಂಗನ ಕಾಯಿಲೆ ಕಾಲ ಶುರುವಾಗೋ ಮೊದಲೇ ಮೈಗೆ ಹಚ್ಚೋ ಎಣ್ಣೆ, ಜ್ವರದ ಪರೀಕ್ಷೆ ಮೊದಲು ಕೇರಿಗೆ, ಕೂಲಿ ಲೈನುಗಳಿಗೆ ಬರಬೇಕು. ಹಿನ್ನೀರಿನ ಆಚೆ ರಾತ್ರಿಯೂ ಡಾಕ್ಟರ್, ಆಂಬುಲೆನ್ಸ್ ಇರಬೇಕು. ಆಸ್ಪತ್ರೆ ತೊಳೆಯೋ ಗುತ್ತಿಗೆ ಕೆಲಸದವರಿಗೆ ಕಾಯಂ ಕೆಲಸ, ಕೈಗವಸು, ಪೂರಾ ಸಂಬಳ. ಅಲ್ಲಿ ತೊಳೀತಿರೋರು ಇವತ್ತಿಗೂ ನಮ್ಮವರೇ.

ಕೊನೆಯದು ನಮ್ಮ ಸಂಘಟನೆಗಳಿಗೆ. ಪ್ರತಿ ಸಭೆ ಶುರುವಾಗೋ ಮೊದಲು ಒಂದು ಪ್ರಶ್ನೆ ಇರಲಿ: ಕೇರಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ? ಯಾರು ಹೋಗಿ ಬರ್ತೀರಿ? ಮೆಮೊರಾಂಡಮ್ ಕೊಡೋಕೆ ಹತ್ತು ಜನ ಹೋದ್ರೆ, ಒಬ್ಬ ಮುದುಕಿಯ ಬೆನ್ನ ಹುಣ್ಣು ತೊಳೆಯೋಕೆ ಇಬ್ಬರು ಹೋಗಲಿ. ಗಂಡಸರೂ ಹೋಗಲಿ, ಅದು ಹೆಂಗಸರ ಪಾಲಿನ ಕೆಲಸ ಅಂತ ಬಿಟ್ಟುಬಿಡೋದು ಬೇಡ. ಬುದ್ಧ ತೊಳೆದದ್ದು, ಸಾವಿತ್ರಿಬಾಯಿ ಹೊತ್ತದ್ದು ಇದನ್ನೇ.

ಮಿಷನರಿಗಳ ಮನಸ್ಸಲ್ಲಿ ಏನಿತ್ತು ಅಂತ ಅಗೆಯೋರು ಅಗೀತಾ ಇರಲಿ. ನಮಗೆ ಕೆಲಸ ಇದೆ.

ಜೈ ಭೀಮ್.